ಮಸಲ್ ಕಾರಿನ ಎಚ್‌ಪಿ ನಂಬುವ ಮೊದಲು ಏನೇನು ನೋಡಬೇಕು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಚಾ ಕುಡಿಯುವಾಗ ಯಾರಾದರೂ ಮಸಲ್ ಕಾರಿನ (ದೊಡ್ಡ ಇಂಜಿನ್ನಿನ, ಜೋರು ಪವರಿನ ಅಮೆರಿಕದ ಕಾರು) ಮಾತು ತೆಗೆದು "1970ರ ಷೆವೆಲ್‌ಗೇ 450 ಎಚ್‌ಪಿ ಇತ್ತು, ಇಂಡಿಯಾಕ್ಕೆ ಬಂದ ಮಸ್ಟಾಂಗ್ ಏನು ಮಹಾ" ಅಂತ ವಾದಕ್ಕಿಳಿದರೆ, ಮೊದಲು ಇಸವಿ ನೋಡಿ.

1972ಕ್ಕಿಂತ ಹಿಂದಿನದಾ? ಹಾಗಾದರೆ ಅದು ಗ್ರಾಸ್ ಎಚ್‌ಪಿ. ಇಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲೆ ಕೂರಿಸಿ, ಏರ್ ಫಿಲ್ಟರ್ ಇಲ್ಲದೆ, ಸೈಲೆನ್ಸರ್ ಇಲ್ಲದೆ, ಆಲ್ಟರ್ನೇಟರ್ ಹೊರೆಯೂ ಇಲ್ಲದೆ ಅಳೆದದ್ದು. ಆಮೇಲೆ ಎಲ್ಲಾ ಜೋಡಿಸಿ ಅಳೆಯುವ ನೆಟ್ ಲೆಕ್ಕ ಬಂತು. 1971ರ ಕಾರ್ವೆಟ್‌ಗೆ ಎರಡೂ ಲೆಕ್ಕ ಸಿಗುತ್ತವೆ: ಅದರ 7.4 ಲೀಟರ್ ಎಲ್‌ಎಸ್5 ಇಂಜಿನ್ ಗ್ರಾಸ್‌ನಲ್ಲಿ 365, ನೆಟ್‌ನಲ್ಲಿ 285. ಇಂಜಿನ್ ಅದೇ, 80 ಎಚ್‌ಪಿ ಮಾಯ! ಇಷ್ಟು ಪರ್ಸೆಂಟ್ ಕಳೆದರೆ ಸಾಕು ಅನ್ನುವ ಸೂತ್ರ ಮಾತ್ರ ಇಲ್ಲ, ಒಂದೊಂದು ಇಂಜಿನ್‌ಗೆ ಒಂದೊಂದು ಥರ.

ಎಚ್‌ಪಿನಾ, ಅದರ ಮೆಟ್ರಿಕ್ ಅಳತೆಯಾದ ಪಿಎಸ್ಸಾ ಅನ್ನುವುದನ್ನೂ ನೋಡಿ. ಹೊಲದ ಬೋರ್ ಮೋಟರಿನ ಪ್ಲೇಟ್ ಮೇಲೆ 5 ಎಚ್‌ಪಿ, ಪಕ್ಕದಲ್ಲೇ 3.7 ಕಿಲೋವ್ಯಾಟ್ ಅಂತ ಇರುತ್ತದಲ್ವಾ? ಅದು ದುಂಡು ಲೆಕ್ಕ, ಸರಿಯಾಗಿ ಒಂದು ಎಚ್‌ಪಿಗೆ 746 ವ್ಯಾಟ್. ಪಿಎಸ್‌ಗೆ ಸುಮಾರು 735. 2016ರಲ್ಲಿ ಇಲ್ಲಿಗೆ ಬಂದ ಮಸ್ಟಾಂಗ್ ಜಿಟಿಯ 401 ಪಿಎಸ್ ಅಂದರೆ 395 ಎಚ್‌ಪಿ ಅಷ್ಟೇ.

ಈಗ ನಮ್ಮ ಬಿಸಿಲು. ಮೇ ತಿಂಗಳ 43 ಡಿಗ್ರಿಯಲ್ಲಿ ಗಾಳಿ, 25 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಶೇ 6ರಷ್ಟು ತೆಳುವಾಗಿರುತ್ತದೆ. ಗಾಳಿ ಕಮ್ಮಿಯಾದರೆ ಸುಡುವ ಪೆಟ್ರೋಲೂ ಕಮ್ಮಿ. ಡಾಡ್ಜ್ ಹೆಲ್‌ಕ್ಯಾಟ್‌ನಂಥ, ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಪಂಪ್) ಇರುವ 707 ಎಚ್‌ಪಿ ಕಾರಿಗೆ ಇನ್ನೂ ಕಷ್ಟ, ಯಾಕೆಂದರೆ ಮೊದಲೇ ಕಾದ ಗಾಳಿಯನ್ನು ಒತ್ತಿದಾಗ ಅದು ಮತ್ತಷ್ಟು ಕಾಯುತ್ತದೆ, ನಾಕಿಂಗ್ (ಪೆಟ್ರೋಲ್ ತಾನೇ ತಾನಾಗಿ ಹೊತ್ತಿ ಇಂಜಿನ್ ಬಡಿಯುವುದು) ಆಗದಿರಲಿ ಅಂತ ಕಂಪ್ಯೂಟರೇ ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ಎಳೆದು ಪವರ್ ಇಳಿಸುತ್ತದೆ. ಅಳೆಯಲೇಬೇಕಾದರೆ ಬೆಳಗಿನ ತಂಪಿನಲ್ಲಿ, ಡೈನೋ (ಚಕ್ರದಲ್ಲಿ ಸಿಗುವ ಪವರ್ ಅಳೆಯುವ ಯಂತ್ರ) ಮೇಲೆ ಅಳೆಯಿರಿ. ನಮ್ಮ ಸೇಡಂ ರೋಡ್ ರೇಸ್ ಓಡಿಸುವ ಡ್ರ್ಯಾಗ್ ಸ್ಟ್ರಿಪ್ ಅಲ್ಲ. ಚಕ್ರದಲ್ಲಿ ಸಿಗುವ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಮ್ಮಿಯೇ ಇರುತ್ತದೆ, ಗಾಬರಿ ಬೇಡ.

ಪೆಟ್ರೋಲಿನಲ್ಲಂತೂ ಸುಮಾರು ಜನ ಎಡವುತ್ತಾರೆ. ಅಮೆರಿಕದ 91 ಆಕ್ಟೇನ್ (ಪೆಟ್ರೋಲ್ ನಾಕಿಂಗ್ ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ನಮ್ಮ ಲೆಕ್ಕದ 91 ಅಲ್ಲ. ಅಳೆಯುವ ರೀತಿಯೇ ಬೇರೆ, ಅವರ 91 ಅಂದರೆ ನಮ್ಮಲ್ಲಿ ಹೆಚ್ಚುಕಮ್ಮಿ 95. 2018ರ ಡಾಡ್ಜ್ ಡೀಮನ್ ಅವರ 91ರಲ್ಲಿ 808 ಎಚ್‌ಪಿ ಕೊಟ್ಟರೆ 100 ಆಕ್ಟೇನ್ ರೇಸ್ ಪೆಟ್ರೋಲಿನಲ್ಲಿ 840. ಹಾಗಾಗಿ ಮಸ್ಟಾಂಗ್‌ಗೆ 95ರ ಪೆಟ್ರೋಲನ್ನೇ ಹಾಕಿಸಿ, ದುಡ್ಡು ಉಳಿಸಲು ಹೋಗಬೇಡಿ. ಹಳೇ ಕಾರ್ಬುರೇಟರ್ ಕಾರಾದರೆ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಹಾಕುವ ಮುಂಚೆ ರಬ್ಬರ್ ಪೈಪ್, ಗ್ಯಾಸ್ಕೆಟ್ ಎಲ್ಲಾ ಎಥನಾಲ್ ತಡೆಯುವಂಥವಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ.