ಸಮುದ್ರದ ಮಧ್ಯೆ ಎದೆನೋವು ಬಂದ್ರೆ ಏನ್ಮಾಡ್ಬೇಕು

ನಮ್ ಮೈಸೂರ್ ಮಂಡ್ಯದೋರಿಗೆ ಬೋಟಿಂಗ್ ಅಂದ್ರೆ ರಂಗನತಿಟ್ಟು, ಅಲ್ಲಿ ಏನಾದ್ರೂ ಆದ್ರೆ ದಡ ಪಕ್ಕದಲ್ಲೇ, ಆದ್ರೆ ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ್ರೆ ಮೊಬೈಲ್ ಸಿಗ್ನಲ್ಲೇ ಇರಲ್ಲ, ಹಂಗಾಗಿ ಹೊರಡೋ ಮುಂಚೆನೇ ವಿಎಚ್‌ಎಫ್ ರೇಡಿಯೋ (ಬೋಟಿನ ವೈರ್‌ಲೆಸ್ಸು) ಎಲ್ಲಿದೆ, ಹೆಂಗೆ ಬಳಸೋದು ಅಂತ ತಾಂಡೇಲರನ್ನ (ಬೋಟ್ ನಡೆಸೋರನ್ನ) ಕೇಳ್ಕೊಂಡ್ಬಿಡಿ.

ಎದೆ ಹಿಂಡ್ದಂಗಾಗಿ ತಣ್ಣನೆ ಬೆವರು ಬಂದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತಾ ಕೂರ್ಬೇಡಿ (ನಮ್ಮೋರಿಗೆ ಎಲ್ಲಾ ನೋವೂ ಗ್ಯಾಸ್ಟ್ರಿಕ್ಕೇ). ಒರಗಿಸಿ ಕೂರ್ಸಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದ್ರೆ ಇಲ್ದಿದ್ರೆ 300 ಮಿಗ್ರಾಂ ಆಸ್ಪಿರಿನ್ ಅಗಿಸಿ ನುಂಗ್ಸಿ.

ಅಷ್ಟೊತ್ತಿಗೆ ಇನ್ನೊಬ್ರು ಆ ರೇಡಿಯೋದ ಚಾನೆಲ್ 16ರಲ್ಲಿ ಮೂರು ಸಲ ‘ಮೇಡೇ’ (ಪ್ರಾಣಾಪಾಯದ ಕರೆ) ಅಂತ ಕೂಗಿ ಬೋಟಿನ ಹೆಸರು, ಜಿಪಿಎಸ್ ತೋರ್ಸೋ ಅಕ್ಷಾಂಶ ರೇಖಾಂಶ, ಎಷ್ಟು ಜನ ಇದ್ದೀರಿ, ರೋಗಿಗೆ ಏನಾಗಿದೆ ಅಂತ ನಿಧಾನವಾಗಿ ಹೇಳ್ಬೇಕು. ಸಿಗ್ನಲ್ ಇದ್ರೆ ಕೋಸ್ಟ್ ಗಾರ್ಡ್ ನಂಬರ್ 1554.

ಪ್ರಜ್ಞೆ ಹೋಗಿ ಉಸಿರೂ ಸರಿಯಾಗಿ ಆಡ್ತಿಲ್ವಾ, ಡೆಕ್ ಮೇಲೆ ಅಂಗಾತ ಮಲಗ್ಸಿ ಎದೆ ಮಧ್ಯೆ 5-6 ಸೆಂ.ಮೀ. ಇಳಿಯೋ ಹಂಗೆ ನಿಮಿಷಕ್ಕೆ 100-120 ಸಲ ಒತ್ತಿ, ಕೈ ಸೋತ್ರೆ ಇನ್ನೊಬ್ರು ಒತ್ಲಿ.

ಹೆಲಿಕಾಪ್ಟರ್ ಬಂದ್ರೆ ಇಳಿಬಿಟ್ಟ ಹಗ್ಗನ ತಕ್ಷಣ ಹಿಡೀಬೇಡಿ, ಶಾಕ್ ಹೊಡಿಯುತ್ತೆ, ಅದು ನೀರಿಗೋ ಡೆಕ್ಕಿಗೋ ತಾಗಿದ್ಮೇಲೆ ಮುಟ್ಟಿ. ಬೋಟಿಗಂತೂ ಕಟ್ಲೇಬೇಡಿ.