ಬೆಲ್ಲದ ಬಣ್ಣಕ್ಕೂ ಒಂದು ಕರಾರು: ಆಲೆಮನೆಯಿಂದ ನನ್ನ ಅನುಭವ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ನಮ್ಮದೊಂದು ಆಲೆಮನೆ ಇದೆ. ಅಪ್ಪನ ಕಾಲದ್ದು. ಅಪ್ಪ ಯಾರ ಹತ್ತಿರವೂ ಒಂದು ಸಾಲು ಬರೆಸಿಕೊಂಡವರಲ್ಲ. ಎಪಿಎಂಸಿಗೆ ಬೆಲ್ಲ ಹಾಕಿ, ಪಟ್ಟಿ ತೆಗೆದುಕೊಂಡು, ಹಣ ಎಣಿಸಿಕೊಂಡು ಬರುತ್ತಿದ್ದರು. ನಾನು ಬೆಲ್ಲದ ಬಣ್ಣ ತಿಳಿ ಮಾಡುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದನ್ನು ಬಿಟ್ಟೆ. ಮಂಡಿಯಲ್ಲಿ ಹೊಳೆಯುವ ಹಳದಿ ಬೆಲ್ಲಕ್ಕೇ ಬೆಲೆ, ನಮ್ಮದು ಕಡು ಕಂದು. ಹಾಗಾಗಿ ಮಂಡಿ ಬಿಟ್ಟು ನೇರವಾಗಿ ಅಂಗಡಿಗಳಿಗೆ ಮಾರತೊಡಗಿದೆ. ತಕರಾರು ಹುಟ್ಟಿದ್ದೂ ಆ ಬಣ್ಣದಿಂದಲೇ.

ಬೆಂಗಳೂರಿನ ಅಂಗಡಿಯವರೊಬ್ಬರು ಫೋನಿನಲ್ಲಿ 2 ಟನ್ ಅಚ್ಚು ಬೆಲ್ಲ ಕೇಳಿದರು. ಕಿಲೋಗೆ 68 ರೂಪಾಯಿ ಎಂದು ಮಾತಾಯಿತು. ಮೊದಲೇ ಮಾದರಿ ಕಳಿಸಿದ್ದೆ. ನೋಡಿ, “ಇದೇ ಇರಲಿ” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. 60,000 ಮುಂಗಡ ಕೊಟ್ಟರು, ಉಳಿದ 76,000 ಹದಿನೈದು ದಿನಕ್ಕೆ. ಟೆಂಪೊ ಹೋಗಿ ಎರಡು ವಾರವಾದ ಮೇಲೆ ನಾನೇ ಫೋನ್ ಮಾಡಿದಾಗ ದನಿ ಬದಲಾಗಿತ್ತು. ಬೆಲ್ಲ ಕಪ್ಪಗಿದೆ, ತೂಕವೂ 30 ಕಿಲೋ ಕಡಿಮೆ ಎಂದರು. ಹಾಗಾದರೆ ಸರಕು ವಾಪಸ್ ಕಳಿಸಿ ಎಂದರೆ ಅದಕ್ಕೂ ಉತ್ತರವಿಲ್ಲ. ಅತ್ತ ಅಂಗಡಿಯಲ್ಲಿ ಬೆಲ್ಲ ಮಾರಾಟವಾಗುತ್ತಲೇ ಇತ್ತು.

ಬರವಣಿಗೆ ಇಲ್ಲದ ಮೇಲೆ ಹಣದ ಆಸೆ ಬಿಡಬೇಕು ಎಂದುಕೊಂಡೇ ಮಂಡ್ಯದ ವಕೀಲರೊಬ್ಬರ ಬಳಿ ಹೋದೆ. ಅವರು ಹೇಳಿದ್ದು ಬೇರೆಯೇ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಇಂಥ ಮಾರಾಟಕ್ಕೆ ಬಾಯಿಮಾತೇ ಸಾಕು. ಇಬ್ಬರೂ ಒಪ್ಪಿರಬೇಕು, ಒಪ್ಪಿಗೆಯ ಹಿಂದೆ ಬಲವಂತ, ಮೋಸ ಇರಬಾರದು, ಕೊಡುವುದೂ ಕೊಳ್ಳುವುದೂ ಕಾನೂನಿಗೆ ಒಳಪಟ್ಟಿರಬೇಕು. ಬರವಣಿಗೆ ಇಲ್ಲದಿದ್ದರೆ ಕೊರತೆ ಬೀಳುವುದು ಪುರಾವೆಗೆ. ಮಾದರಿ ತೋರಿಸಿ ಮಾರಿದರೆ ಇಡೀ ಸರಕು ಮಾದರಿಯಂತೆಯೇ ಇರಬೇಕು ಎಂದು 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ. ಒಪ್ಪದ ಸರಕನ್ನು ಬೇಡವೆಂದು ಹೇಳದೆ ಇಟ್ಟುಕೊಂಡರೆ ಸ್ವಲ್ಪ ಕಾಲದ ಮೇಲೆ ಅದನ್ನು ಸ್ವೀಕರಿಸಿದಂತೆಯೇ ಲೆಕ್ಕ ಎಂದೂ ಅದರಲ್ಲಿದೆ.

ಆಮೇಲೆ ಅವರು, “ಮಾದರಿಗೆ ಕಳಿಸಿದ ಅಚ್ಚಿನ ಜೊತೆಯದು ನಿಮ್ಮಲ್ಲಿ ಇದೆಯೇ, ಗೌಡರೇ?” ಎಂದು ಕೇಳಿದರು.

ಇರಲಿಲ್ಲ. ಅದೇ ಪಾಕದ ಉಳಿದ ಅಚ್ಚುಗಳೆಲ್ಲ ಯಾವತ್ತೋ ಮಾರಿಹೋಗಿದ್ದವು. ಬಣ್ಣದ ಜಗಳದಲ್ಲಿ ಬಣ್ಣವನ್ನೇ ತೋರಿಸಲಾಗದೆ ನಿಂತಿದ್ದೆ. ನನ್ನನ್ನು ಉಳಿಸಿದ್ದು “ಇದೇ ಇರಲಿ” ಎಂಬ ಆ ಸಂದೇಶ, ವೇ ಬ್ರಿಡ್ಜ್ ಚೀಟಿ, ಟೆಂಪೊ ಚಾಲಕ ಸಹಿ ಹಾಕಿಸಿಕೊಂಡು ಬಂದಿದ್ದ ಬಿಲ್. ಫೋನ್ ಬದಲಿಸಬೇಡಿ, ಸಂದೇಶ ಅಳಿಸಬೇಡಿ ಎಂದು ವಕೀಲರು ಎರಡೆರಡು ಸಲ ಹೇಳಿದರು. ಅದನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರವೊಂದನ್ನು ಜೊತೆಗಿಡಬೇಕಾಗುತ್ತದೆ. ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಯಿತು. ಎರಡು ತಿಂಗಳಲ್ಲಿ 61,000 ಬಂತು. ಉಳಿದ 15,000ಕ್ಕೆ ಅಲೆಯುವ ಶಕ್ತಿ ಆ ಸುಗ್ಗಿಯಲ್ಲಿ ನನಗಿರಲಿಲ್ಲ, ಬಿಟ್ಟೆ. ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷದ ಗಡುವಿದೆ. ಅಷ್ಟರೊಳಗೆ ಸಾಲಗಾರ ಬಾಕಿ ಇದೆ ಎಂದು ಬರೆದು ಸಹಿ ಮಾಡಿದರೆ ಮೂರು ವರ್ಷ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ. ನಮ್ಮ ಕಡೆ ಎಷ್ಟೋ ಮಂದಿ ಮುಲಾಜಿಗೆ ಬಿದ್ದು ಈ ಗಡುವನ್ನು ದಾಟಿಸಿಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಅರ್ಧ ಪುಟದ ಚೀಟಿ ಇಲ್ಲದೆ ಲೋಡ್ ಹೊರಡುವುದಿಲ್ಲ. ವಕೀಲರ ಭಾಷೆ ಅದರಲ್ಲಿಲ್ಲ; ಜಗಳ ಹುಟ್ಟುವ ಜಾಗಗಳಷ್ಟೇ ಇವೆ. ಬಣ್ಣ, ಮಾದರಿಯಂತೆ. ತೂಕ, ನಮ್ಮ ಊರಿನ ವೇ ಬ್ರಿಡ್ಜ್‌ನದೇ ಕೊನೆ, ಏಕೆಂದರೆ ಬೆಲ್ಲ ಮಳೆಗಾಲದಲ್ಲಿ ನೀರು ಎಳೆಯುತ್ತದೆ, ಬಿಸಿಲಿಗೆ ಒಣಗುತ್ತದೆ. ದೂರು ಏನಿದ್ದರೂ ಸರಕು ಇಳಿದ ಮೂರು ದಿನದೊಳಗೆ, ಬರವಣಿಗೆಯಲ್ಲಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿದೆ. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ ನಮ್ಮಂಥವರಿಗೆ ಕೊಡಬೇಕಾದ ಹಣಕ್ಕೆ ಗಡುವು ಏನೇ ಬರೆದುಕೊಂಡರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆ ಒಂದು ಸಾಲನ್ನು ನೋಂದಣಿ ಸಂಖ್ಯೆಯ ಸಮೇತ ಚೀಟಿಯ ಕೆಳಗೆ ಅಚ್ಚು ಹಾಕಿಸಿದ್ದೇನೆ.

ಅದೇ ವಕೀಲರಿಗೆ ನಾನು ಇನ್ನೊಂದು ಕಾಗದವನ್ನೂ ತೋರಿಸಿದ್ದೆ. ಇದನ್ನು ಹೇಳಲು ನನಗೆ ಸಂಕೋಚವಿದೆ, ಆದರೂ ಹೇಳಬೇಕು. ಕೊಪ್ಪರಿಗೆ ಮುಂದೆ ಬೇಯುವ ಆಳುಗಳಿಗೆ ಸುಗ್ಗಿಗೆ ಮೊದಲು ಮುಂಗಡ ಕೊಡುವುದು ನಮ್ಮಲ್ಲಿ ರೂಢಿ. ಒಬ್ಬನಿಗೆ 25,000 ಕೊಟ್ಟು, “ಮುಂಗಡ ತೀರುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗುವುದಿಲ್ಲ” ಎಂದು ಛಾಪಾ ಕಾಗದದ ಮೇಲೆ ಬರೆಸಿ ಹೆಬ್ಬೆಟ್ಟು ಒತ್ತಿಸಿದ್ದೆ. ಅವನ ಆಧಾರ್ ಕಾರ್ಡ್ ನನ್ನ ಗಲ್ಲಾಪೆಟ್ಟಿಗೆಯಲ್ಲಿ, ರಸೀದಿಗಳ ಅಡಿಯಲ್ಲಿತ್ತು. ವಕೀಲರು ಓದಿ ಕನ್ನಡಕ ತೆಗೆದಿಟ್ಟರು. “ಇದು ಕರಾರಲ್ಲ, ಜೀತ” ಎಂದರು.

ಆ ಮಾತು ಎದೆಗೆ ನಾಟಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಮುಂಗಡಕ್ಕೆ ಪ್ರತಿಯಾಗಿ ಮನುಷ್ಯನನ್ನು ಹೀಗೆ ಕಟ್ಟಿಹಾಕುವ ಕಾಗದಕ್ಕೆ ಕಾಸಿನ ಬೆಲೆಯಿಲ್ಲ, ಆ ಸಾಲವೇ ರದ್ದಾಗುತ್ತದೆ, ಕಟ್ಟಿಹಾಕಿದವನಿಗೆ ಮೂರು ವರ್ಷದವರೆಗೆ ಸೆರೆವಾಸ. ಛಾಪಾ ಕಾಗದದ ಮೇಲೆ ಬರೆದದ್ದೆಲ್ಲ ಕಾನೂನಾಗುತ್ತದೆ ಎಂದು ನಂಬಿದ್ದವನು ನಾನು. ಸಂಜೆಯೇ ಕಾಗದ ಹರಿದು ಕಾರ್ಡ್ ಕೈಗೆ ಕೊಟ್ಟೆ. “ಹಾಗಾದರೆ ನನ್ನನ್ನು ಕೆಲಸದಿಂದ ಬಿಡಿಸಿದಿರಾ, ಅಣ್ಣ?” ಎಂದು ಅವನು ಹೆದರಿ ಕೇಳಿದ. ಇಲ್ಲ ಎಂದು ನಂಬಿಸಲು ಬಹಳ ಹೊತ್ತು ಬೇಕಾಯಿತು. ಈಗ ಮುಂಗಡ ಚಿಕ್ಕದು. ದಿನಗೂಲಿ ಎಷ್ಟು, ವಾರಕ್ಕೆ ಎಷ್ಟು ಮುರಿದುಕೊಳ್ಳುವುದು ಎಂಬುದು ಇಬ್ಬರ ಪುಸ್ತಕದಲ್ಲೂ ಇರುತ್ತದೆ. ಬಿಟ್ಟು ಹೋಗುವವನನ್ನು ತಡೆಯುವುದಿಲ್ಲ.

ಹೋದ ವರ್ಷ ಮಗಳಿಗೆ ಮೈಸೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ನೇಮಕಾತಿ ಪತ್ರವನ್ನು ನನ್ನ ಮುಂದಿಟ್ಟು, “ಅಪ್ಪಾ, ಸಹಿ ಹಾಕಲೇ?” ಎಂದಳು. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ಬಗೆಯ ಕೆಲಸ ಬೇರೆಲ್ಲೂ ಮಾಡಬಾರದು ಎಂದಿತ್ತು. ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ. ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು ಎಂಬ ಇನ್ನೊಂದು ಷರತ್ತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡ ಎಂದೆ. ಸರ್ಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಮೂರು ವರ್ಷ ತುಂಬುವ ಮೊದಲು ಬಿಟ್ಟ ಅಧಿಕಾರಿಯಿಂದ 2 ಲಕ್ಷ ವಸೂಲಿ ಮಾಡಿದ್ದನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಮೊತ್ತ ಇಳಿಸಿ ಎಂದು ಅವಳೇ ಕೇಳಿದಳು. ಐವತ್ತು ಸಾವಿರಕ್ಕೆ ಇಳಿಸಿದರು.

ಆಲೆಮನೆಯಲ್ಲಿ ಈಗ ಪ್ರತಿ ಮಾದರಿಗೂ ಒಂದೇ ಪಾಕದ ಎರಡು ಅಚ್ಚು ತೆಗೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ದಿನಾಂಕ ಬರೆದು ಅಂಟಿಸುತ್ತೇವೆ. ಒಂದು ಕೊಳ್ಳುವವರಿಗೆ. ಇನ್ನೊಂದರ ಮೇಲೆ ಅವರ ಸಹಿ ಹಾಕಿಸಿ ಇರುವೆ ಹೋಗದ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ. ಹಣ ಪೂರ್ತಿ ಬಂದ ದಿನ ಆ ಅಚ್ಚು ಮನೆಯ ಕಾಫಿಗೆ ಹೋಗುತ್ತದೆ. ಇವತ್ತಿಗೆ ಡಬ್ಬದಲ್ಲಿ ನಾಲ್ಕು ಉಳಿದಿವೆ.