ಸುಣ್ಣಕ್ಕೂ ಮೊದಲು ಇಳಿಜಾರು ಅಳೆಯಿರಿ

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ (ಪಿಎಚ್) 5, ಅಂದರೆ ಮಣ್ಣು ಹುಳಿ ಎಂದು ಕಂಡರೆ ಸಾಕು, ಹುಳಿ ತಗ್ಗಿಸಲು ಮಲೆನಾಡಿನಲ್ಲಿ ಮರುದಿನವೇ ಸುಣ್ಣದ ಚೀಲ ಬಂದಿಳಿಯುತ್ತದೆ. ಇಳಿಜಾರಿನ ಬೋಳು ಜಾಗದಲ್ಲಿ ಆ ಸುಣ್ಣದ ಒಂದು ಪಾಲು ಮಳೆನೀರಿನ ಜೊತೆ ಹಳ್ಳಕ್ಕೇ ಹೋಗುತ್ತದೆ. ಮೊದಲು ಮಣ್ಣು ನಿಲ್ಲಲಿ.

ಗುಡ್ಡದ ಮೇಲೊಂದು ಗೂಟ ನೆಟ್ಟು, ಬುಡಕ್ಕೆ ಹಗ್ಗ ಕಟ್ಟಿ, ನೀರಿನ ಪೈಪಿನಿಂದ ಮಟ್ಟ ನೋಡುತ್ತ 10 ಮೀಟರ್ ಎಳೆಯಿರಿ. ಕೆಳತುದಿಯಲ್ಲಿ ಹಗ್ಗ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಇಳಿಜಾರು ಶೇ 15. ಮಣ್ಣಿನ ಮಾದರಿಯನ್ನೂ ಮೇಲೆ, ನಡುವೆ, ಕೆಳಗೆ ಬೇರೆ ಬೇರೆ ತೆಗೆಯಿರಿ. ಎಲ್ಲ ಕಲಸಿದರೆ ಬರುವ ಅಂಕಿ ಯಾವ ಜಾಗದ್ದೂ ಅಲ್ಲ.

ಇನ್ನು ಬಾಟಲಿ ಪರೀಕ್ಷೆ. ಜೋರು ಮಳೆಯಲ್ಲಿ ಹರಿಯುವ ನೀರನ್ನು ಎರಡು ಗಾಜಿನ ಬಾಟಲಿಗೆ ಹಿಡಿಯಿರಿ: ಒಂದು ಸೊಪ್ಪಿನಬೆಟ್ಟದ್ದು (ತೋಟಕ್ಕೆ ಸೊಪ್ಪು ತರುವ ಕಾಡು), ಇನ್ನೊಂದು ಮರ ಕಡಿದು ಶುಂಠಿ ಹಾಕಿದ ಜಾಗದ್ದು. ರಾತ್ರಿಯಿಡೀ ಅಲುಗಾಡಿಸಬೇಡಿ. ನಾನು ಹಿಡಿದಿಟ್ಟಾಗ ಬೆಟ್ಟದ ನೀರು ಚಹಾ ಬಣ್ಣಕ್ಕಿತ್ತು, ತಳದಲ್ಲಿ ನಾಲ್ಕು ಎಲೆಚೂರು. ಶುಂಠಿ ಜಾಗದ್ದರಲ್ಲಿ ಬೆರಳು ದಪ್ಪದ ಕೆಂಪು ಕೆಸರು. ಜಂಬಿಟ್ಟಿಗೆ ಮಣ್ಣಿನ (ಮಲೆನಾಡಿನ ಕೆಂಪು ಮುರಕಲ್ಲು ಮಣ್ಣು) ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ. ಸುಣ್ಣಾಂಶ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ಬಹುಮಟ್ಟಿಗೆ ಹಿಡಿದುಕೊಳ್ಳುವುದು ಎಲೆ-ಕಸ ಕೊಳೆತು ಆದ ಮೇಲ್ಪದರದ ಕಪ್ಪು ಅಂಶ. ಮೊದಲು ಕೊಚ್ಚಿಹೋಗುವುದೂ ಅದೇ. ರಸಸಾರ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ. ಹಾಕಿದ ರಂಜಕವೂ ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಗಿಡಕ್ಕೆ ದಕ್ಕುವುದಿಲ್ಲ.

ಹಾಗಂತ ಬೆಟ್ಟವೂ ಅಕ್ಷಯಪಾತ್ರೆಯಲ್ಲ. ವರ್ಷವೂ ದರಕು (ಉದುರಿದ ಒಣ ಎಲೆ) ಗುಡಿಸಿ ಅಡಿಕೆ ತೋಟಕ್ಕೆ ಹೊತ್ತರೆ ತೋಟ ಉಣ್ಣುತ್ತದೆ, ಬೆಟ್ಟ ಉಪವಾಸ. ಅರ್ಧವನ್ನಾದರೂ ಅಲ್ಲೇ ಬಿಡಿ.

ಶುಂಠಿಗೆ ಕೊಳೆ ಬಂದೀತೆಂಬ ಭಯಕ್ಕೆ ಬಸಿಗಾಲುವೆಯನ್ನು ನೇರ ಇಳಿಜಾರಿಗೇ ಬಿಡುತ್ತಾರೆ. ಭಯ ನ್ಯಾಯವೇ, ಆದರೆ ಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ, ತುಸು ವಾಲಿಸಿ ತೆಗೆದರೂ ನೀರು ಬಸಿಯುತ್ತದೆ. ನಾಟಿಯಾದ ಕೂಡಲೇ ಸೊಪ್ಪು ಮುಚ್ಚಿ, ಅಲ್ಲಲ್ಲಿ ಅಡ್ಡಸಾಲಿಗೆ ಲಾವಂಚ ನೆಡಿ. ಕಾಫಿ ತೋಟವಾದರೆ ನಾಲ್ಕು ಗಿಡಗಳ ನಡುವೆ ತೊಟ್ಟಿಲು ಗುಂಡಿ (ಹರಿಯುವ ನೀರು, ಮಣ್ಣು ತಡೆಯುವ ಉದ್ದನೆ ಗುಂಡಿ) ಸಾಕು. ತೀರಾ ಕಡಿದಾದ ಜಾಗವನ್ನು ಮರಕ್ಕೇ ಬಿಟ್ಟುಬಿಡಿ.

ಸುಣ್ಣದ ಸರದಿ ಈಗ. ಚೀಟಿಯಲ್ಲಿ ಹೇಳಿದ ಪ್ರಮಾಣವನ್ನು ಮಣ್ಣಿಗೆ ಬೆರೆಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಕೊಡಿ. ಸುಣ್ಣದ ಜೊತೆಗೇ ಯೂರಿಯಾ ಚೆಲ್ಲಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಪಾಲಾಗುತ್ತದೆ.